ಬಾಗಿಲು ತೆರೆಯಿತು, ಪಠ್ಯ ಕಾಯಲಿಲ್ಲ

2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗು ಕರ್ನಾಟಕದಲ್ಲಿ ತನ್ನ ತರಗತಿಯ ಕೋಣೆಯನ್ನು ಕಂಡದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ದಾಖಲೆಯ ಪ್ರಕಾರ ಅದು ಎರಡನೇ ತರಗತಿಯಲ್ಲಿತ್ತು. ಅಕ್ಷರ ತಿದ್ದುವ ವರ್ಷ, ಮೇಷ್ಟರ ಮುಂದೆ ಕೂತು ಕಾಗುಣಿತ ಒಪ್ಪಿಸುವ ವರ್ಷ, ಗೆಳೆಯರ ನಡುವೆ ಎದ್ದು ನಿಂತು ಪದ್ಯ ಹೇಳಲು ಧೈರ್ಯ ತಂದುಕೊಳ್ಳುವ ವರ್ಷ ಎಲ್ಲವೂ ಮುಗಿದಿವೆ ಎಂದು ದಾಖಲೆ ಹೇಳುತ್ತಿತ್ತು. ಕೈಗೆ ಬಂದ ಪುಸ್ತಕ ಎರಡನೇ ತರಗತಿಯದು. ಈ ಮಗು ಎಲ್ಲೂ ಅನುತ್ತೀರ್ಣವಾಗದೆ ಸಾಗಿದರೆ 2030ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುತ್ತದೆ. ಅಂದರೆ ಕೋವಿಡ್ ಕಾಲದ ಶಾಲಾ ಮುಚ್ಚುಗಡೆ ಮುಗಿದ ಅಧ್ಯಾಯ ಎಂದುಕೊಳ್ಳಲು ಇನ್ನೂ ಕಾಲ ಬಂದಿಲ್ಲ. ಆ ಅಧ್ಯಾಯದ ಮಕ್ಕಳು ಈಗಲೂ ನಮ್ಮ ತರಗತಿಗಳಲ್ಲಿಯೇ ಕೂತಿದ್ದಾರೆ.

ಶಾಲೆ ತೆರೆಯುವುದೆಂದರೆ ಬೀಗ ತೆಗೆಯುವ ದಿನಾಂಕವನ್ನು ಗೊತ್ತುಮಾಡುವುದು ಎಂದು ನಾವೆಲ್ಲ ತಿಳಿದೆವು. ಸರ್ಕಾರದ ಸುತ್ತೋಲೆ, ಟಿವಿ ಚರ್ಚೆ, ಪೋಷಕರ ವಾಟ್ಸ್ಆ್ಯಪ್ ಗುಂಪುಗಳ ಜಗಳ ಎಲ್ಲವೂ ಆ ದಿನಾಂಕದ ಸುತ್ತಲೇ ತಿರುಗಿದವು. ಆದರೆ ಕಲಿಕೆಗೆ ಬಿದ್ದ ಪೆಟ್ಟಿನ ಆಳವನ್ನು ನಿರ್ಧರಿಸಿದ್ದು ಎರಡು ಬೇರೆ ಪ್ರಶ್ನೆಗಳು. ಮೊದಲು ಯಾರನ್ನು ಒಳಗೆ ಬಿಟ್ಟೆವು? ಒಳಗೆ ಬಂದ ಮಗುವಿಗೆ ಎಲ್ಲಿಂದ ಪಾಠ ಶುರು ಮಾಡಿದೆವು? ಈ ಎರಡಕ್ಕೂ ನಾವು ಕೊಟ್ಟ ಉತ್ತರ ಸರಿಯಿರಲಿಲ್ಲ ಎಂಬುದು ಈ ಲೇಖನದ ವಾದ.

ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ

ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಅದೇ ತಿಂಗಳ ಮಧ್ಯದ ಹೊತ್ತಿಗೆ ರಾಜ್ಯದಲ್ಲಿ ಶಾಲೆಗಳು ಮುಚ್ಚಿದವು. ಆಗ ಅದು ಸರಿಯಾದ ನಿರ್ಧಾರವೇ ಆಗಿತ್ತು. ರೋಗ ಹೊಸದು, ಅದು ಮಕ್ಕಳನ್ನು ಹೇಗೆ ಕಾಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿದ್ದನ್ನು ದೂರುವವರ ಸಾಲಿನಲ್ಲಿ ನಾನಿಲ್ಲ. ನನ್ನ ತಕರಾರು ಇರುವುದು ಆಮೇಲೆ ನಡೆದದ್ದರ ಬಗ್ಗೆ.

ಮೇ 4ರಂದು ಮದ್ಯದಂಗಡಿಗಳು ತೆರೆದವು. ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸಲಾಯಿತು. ಮಾಸ್ಕ್, ಸ್ಯಾನಿಟೈಸರ್, ಜ್ವರ ಅಳೆಯುವ ಸಾಧನ, ಬೆಂಚುಗಳ ನಡುವೆ ಅಂತರ ಎಲ್ಲವನ್ನೂ ಹೊಂದಿಸಿದರು. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಇದನ್ನು ಹಟ ಹಿಡಿದು ಮಾಡಿಸಿದರು, ಇಲಾಖೆ ಅಚ್ಚುಕಟ್ಟಾಗಿ ನಡೆಸಿತು. ಅಕ್ಟೋಬರ್‌ನಲ್ಲಿ ಅರ್ಧದಷ್ಟು ಆಸನಗಳೊಂದಿಗೆ ಚಿತ್ರಮಂದಿರಗಳೂ ತೆರೆದವು. ಪರೀಕ್ಷೆಗೆ ಅಷ್ಟು ಮಕ್ಕಳನ್ನು ಸುರಕ್ಷಿತವಾಗಿ ಕರೆತರಬಲ್ಲ ವ್ಯವಸ್ಥೆಗೆ, ಒಂದನೇ ತರಗತಿಯ ಹತ್ತು ಮಕ್ಕಳನ್ನು ವಾರಕ್ಕೆ ಎರಡು ದಿನ ಕೂರಿಸಿ ಅಕ್ಷರ ಕಲಿಸುವುದು ಅಸಾಧ್ಯವಾಗಿತ್ತು ಎಂದು ನಂಬುವುದು ಕಷ್ಟ.

ತೆರೆದ ಕ್ರಮವನ್ನು ನೋಡಿ. 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ. ಫೆಬ್ರವರಿಯಲ್ಲಿ ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯುಸಿ, ಅದೇ ತಿಂಗಳ ಕೊನೆಯ ವಾರದಲ್ಲಿ ಬಹುತೇಕ ಜಿಲ್ಲೆಗಳ ಆರರಿಂದ ಎಂಟನೇ ತರಗತಿ. ಒಂದರಿಂದ ಐದಕ್ಕೆ ಆ ಶೈಕ್ಷಣಿಕ ವರ್ಷ ಬಾಗಿಲು ತೆರೆಯಲೇ ಇಲ್ಲ. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿತು. ಎರಡನೇ ಸುತ್ತಿನಲ್ಲೂ ಇದೇ ಸರದಿ: ಆಗಸ್ಟ್ 23ರಂದು ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು, ನವೆಂಬರ್ 8ರಂದು ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ. ಹೀಗೆ ಚಿಕ್ಕ ಮಕ್ಕಳು ತರಗತಿಯಿಂದ ಹೊರಗುಳಿದದ್ದು ಸುಮಾರು ಹತ್ತೊಂಬತ್ತು ತಿಂಗಳು.

ವಿಜ್ಞಾನ ಹೇಳುತ್ತಿದ್ದುದು ಇದರ ತಿರುವುಮುರುವು. 2021ರ ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ನಾಲ್ಕನೇ ಸೀರೋ ಸಮೀಕ್ಷೆಯ, ಅಂದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಸಮೀಕ್ಷೆಯ, ಫಲಿತಾಂಶ ಪ್ರಕಟಿಸಿತು. ಆರರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆಗಲೇ ಪ್ರತಿಕಾಯಗಳಿದ್ದವು. ಅಂದರೆ ಮನೆಯಲ್ಲಿ ಕೂರಿಸಿದ್ದರೂ ಸೋಂಕು ಮಕ್ಕಳನ್ನು ಮುಟ್ಟಿ ಹೋಗಿತ್ತು, ಬಹುಪಾಲು ಮಕ್ಕಳಿಗೆ ಅದು ತಿಳಿದೂ ಇರಲಿಲ್ಲ. ಮಂಡಳಿಯ ಮಹಾನಿರ್ದೇಶಕ ಬಲರಾಮ್ ಭಾರ್ಗವ ಅವರು, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ವಿವೇಕ ಎಂದು ಅಂದೇ ಹೇಳಿದರು. ವೈರಸ್ ಕೋಶಕ್ಕೆ ಅಂಟಿಕೊಳ್ಳಲು ಬಳಸುವ ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ ಎಂಬ ಕಾರಣವನ್ನೂ ಕೊಟ್ಟರು. ಡೆನ್ಮಾರ್ಕ್ 2020ರ ಏಪ್ರಿಲ್ ಮಧ್ಯದಲ್ಲೇ ಶಿಶುವಿಹಾರ ಮತ್ತು ಐದನೇ ತರಗತಿವರೆಗಿನ ಮಕ್ಕಳನ್ನು ಮೊದಲು ಕರೆದಿತ್ತು. ನೆರೆಯ ಕೇರಳ ತಡವಾಗಿ, 2021ರ ನವೆಂಬರ್ 1ರಂದು ತೆರೆದರೂ ಒಂದರಿಂದ ಏಳನೇ ತರಗತಿಯವರನ್ನು ಪರೀಕ್ಷೆಯ ತರಗತಿಗಳ ಜೊತೆಗೇ ಕರೆಯಿತು.

ನಮ್ಮಲ್ಲಿ ದೊಡ್ಡವರು ಮೊದಲು ಬಂದದ್ದಕ್ಕೆ ಒಂದು ಸಬೂಬು ಇತ್ತು: ಅವರು ಮಾಸ್ಕ್ ಸರಿಯಾಗಿ ಹಾಕುತ್ತಾರೆ, ಹೇಳಿದ ಮಾತು ಕೇಳುತ್ತಾರೆ. ಮಾತು ನಿಜ. ಆದರೆ ನಿಜವಾದ ಕಾರಣ ಪರೀಕ್ಷೆ. ಹತ್ತನೇ ತರಗತಿಯ ಹಿಂದೆ ಫಲಿತಾಂಶವಿದೆ, ಪತ್ರಿಕೆಯ ಮುಖಪುಟವಿದೆ, ಜಿಲ್ಲೆಗಳ ಸ್ಥಾನಪಟ್ಟಿಯಿದೆ. ಒಂದನೇ ತರಗತಿಯ ಹಿಂದೆ ಇವು ಯಾವುವೂ ಇಲ್ಲ. ಹದಿನಾರು ವರ್ಷದ ಹುಡುಗಿ ತಾನಾಗಿಯೇ ಪುಸ್ತಕ ಹಿಡಿದು ಒಂದಿಷ್ಟು ಓದಿಕೊಳ್ಳಬಲ್ಲಳು. ಆರು ವರ್ಷದ ಮಗುವಿಗೆ ಎದುರಿಗೆ ಮನುಷ್ಯರು ಬೇಕೇ ಬೇಕು. ಯಾರಿಗೆ ಶಿಕ್ಷಕರ ಅಗತ್ಯ ಅತಿ ಹೆಚ್ಚೋ ಅವರನ್ನೇ ಸರದಿಯ ಕೊನೆಯಲ್ಲಿ ನಿಲ್ಲಿಸಿದೆವು.

ಲಸಿಕೆಯ ವಿಷಯವನ್ನೂ ಇಲ್ಲೇ ಹೇಳಬೇಕು. ಮಕ್ಕಳಿಗೆ ಲಸಿಕೆ ಸಿಗುವವರೆಗೆ ಶಾಲೆ ಬೇಡ ಎಂದು 2021ರಲ್ಲಿ ಅನೇಕ ಪೋಷಕರು ಪಟ್ಟು ಹಿಡಿದರು. ಅವರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಎರಡನೇ ಅಲೆಯಲ್ಲಿ ಆಸ್ಪತ್ರೆಯ ಹಾಸಿಗೆಗೆ, ಆಮ್ಲಜನಕಕ್ಕೆ ಅಲೆದವರ ಭಯ ಅದು. ಅದರ ಮೇಲೆ ಮೂರನೇ ಅಲೆ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ ಎಂದು ಟಿವಿ ವಾಹಿನಿಗಳು ದಿನವಿಡೀ ಹೆದರಿಸಿದವು. ಅಂಥ ಸಾಧ್ಯತೆ ಕಡಿಮೆ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳಿದ್ದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಕೊನೆಗೆ ಆದದ್ದೇನು? ಹದಿನೈದರಿಂದ ಹದಿನೆಂಟರವರಿಗೆ 2022ರ ಜನವರಿಯಲ್ಲಿ, ಹನ್ನೆರಡರಿಂದ ಹದಿನಾಲ್ಕರವರಿಗೆ ಮಾರ್ಚ್‌ನಲ್ಲಿ ಲಸಿಕೆ ಬಂತು. ಹನ್ನೆರಡು ವರ್ಷದೊಳಗಿನವರಿಗೆ ಸರ್ಕಾರಿ ಲಸಿಕಾ ಅಭಿಯಾನ ನಡೆಯಲೇ ಇಲ್ಲ. ಅದಕ್ಕಾಗಿ ಕಾದಿದ್ದರೆ ಪ್ರಾಥಮಿಕ ಶಾಲೆಗಳು ಇಂದಿಗೂ ಮುಚ್ಚಿರಬೇಕಿತ್ತು.

ವಠಾರ ಶಾಲೆಯ ನೆನಪು

ನಡುವಿನ ಕಾಲದಲ್ಲಿ ಏನೂ ನಡೆಯಲಿಲ್ಲ ಎಂದರೆ ನಮ್ಮ ಶಿಕ್ಷಕರಿಗೆ ಅನ್ಯಾಯ ಮಾಡಿದಂತೆ. 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ವಿದ್ಯಾಗಮ ಆರಂಭಿಸಿತು, ವಠಾರ ಶಾಲೆ ಎಂದರೆ ಇದೇ. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಮೊಬೈಲ್ ಮಾತ್ರ ಇರುವವರು, ಫೋನೇ ಇಲ್ಲದವರು ಎಂದು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ದೇವಸ್ಥಾನದ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗುಲಿ ತರಗತಿಯಾದವು. ದೇಶದಾದ್ಯಂತ ಆನ್‌ಲೈನ್ ತರಗತಿಯೊಂದೇ ದಾರಿ ಎಂಬ ಮಾತು ನಡೆಯುತ್ತಿದ್ದಾಗ ಇದು ನೆಲದ ವಾಸ್ತವದಿಂದ ಹುಟ್ಟಿದ ಯೋಜನೆ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯಿತಾದರೂ ಚಿಕ್ಕ ಮಕ್ಕಳವರೆಗೆ ತಲುಪಲಿಲ್ಲ. ಸೋಂಕು ಕಡಿಮೆಯಿದ್ದ ತಾಲ್ಲೂಕುಗಳಲ್ಲಿ ಮುಂದುವರಿಸಿ, ಹೆಚ್ಚಿದ್ದಲ್ಲಿ ಮಾತ್ರ ನಿಲ್ಲಿಸಬಹುದಿತ್ತು. ಇಡೀ ರಾಜ್ಯಕ್ಕೆ ಒಂದೇ ಆದೇಶ ಹೊರಡಿಸುವ ನಮ್ಮ ಅಭ್ಯಾಸ ಅದಕ್ಕೆ ಎಡೆ ಕೊಡಲಿಲ್ಲ.

ಆನ್‌ಲೈನ್ ತರಗತಿ ಎಷ್ಟು ಮಕ್ಕಳನ್ನು ತಲುಪಿತು ಎಂಬುದಕ್ಕೆ 2021ರ ಆಗಸ್ಟ್‌ನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳ ನಡುವೆ ನಡೆದ ಸಮೀಕ್ಷೆ ಉತ್ತರ ಕೊಡುತ್ತದೆ. ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೇಜ್ ಮತ್ತು ರೀತಿಕಾ ಖೇರಾ ಅದರ ಸಂಯೋಜಕರಲ್ಲಿದ್ದರು. ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದವರು ಶೇ 8. ಏನನ್ನೂ ಓದದೆ ಇದ್ದವರು ಶೇ 37. ಸುಮಾರು ಅರ್ಧದಷ್ಟು ಮಕ್ಕಳಿಗೆ ಕೆಲವು ಪದಗಳಿಗಿಂತ ಹೆಚ್ಚು ಓದಲಾಗುತ್ತಿರಲಿಲ್ಲ. ಮನೆಯಲ್ಲಿ ಒಂದೇ ಫೋನ್, ಅದೂ ಕೂಲಿಗೆ ಹೋಗುವ ಅಪ್ಪನ ಜೇಬಿನಲ್ಲಿ. ಆ ಪರಿಸ್ಥಿತಿಯಲ್ಲಿ ಸಂಜೆ ಏಳರ ಮೇಲೆ ತೆರೆಯುವ ಪಾಠ ಯಾವ ಮಗುವಿನ ತಲೆಗೆ ಹತ್ತೀತು?

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇನ್ನೊಂದು ಬಗೆಯಲ್ಲಿ ಅಳೆಯಿತು. 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಅವರ ಶಿಕ್ಷಕರ ಮೂಲಕವೇ ಪರೀಕ್ಷಿಸಿತು. ಅವರು ಕೇಳಿದ್ದು ಹೊಸ ಪಾಠವನ್ನಲ್ಲ. ಶಾಲೆ ಮುಚ್ಚುವಾಗ ಈ ಮಗುವಿಗೆ ಬರುತ್ತಿದ್ದದ್ದು ಈಗ ಬರುತ್ತದೆಯೇ ಎಂದು ನೋಡಿದರು. ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ, ಶೇ 82ರಷ್ಟು ಮಕ್ಕಳು ಗಣಿತದಲ್ಲಿ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಚಿತ್ರ ನೋಡಿ ನಾಲ್ಕು ಮಾತು ಹೇಳುವುದು, ಪರಿಚಿತ ಪದ ಓದುವುದು, ಒಂದಂಕಿಯ ಕೂಡುವ ಲೆಕ್ಕ ಇಂಥವು. ಶಾಲೆ ಮುಚ್ಚಿದರೆ ಕಲಿಕೆ ನಿಂತಲ್ಲೇ ನಿಲ್ಲುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಗೇಟು ತೆರೆಯುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿದ್ದುದು ಈ ಜಾರುವಿಕೆಯನ್ನು.

ಭೂಕಂಪ ಕಲಿಸಿದ ಪಾಠ

ತೆರೆದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕೋವಿಡ್‌ಗಿಂತ ಮೊದಲೇ ಒಂದು ಸಾಕ್ಷ್ಯವಿತ್ತು. 2005ರ ಅಕ್ಟೋಬರ್ 8ರಂದು ಪಾಕಿಸ್ತಾನದ ಉತ್ತರ ಭಾಗದಲ್ಲಿ ಭೀಕರ ಭೂಕಂಪವಾಯಿತು. ಶಾಲೆಗಳು ಮುಚ್ಚಿದ್ದು ಸರಾಸರಿ ಮೂರು ತಿಂಗಳಿನಷ್ಟು. ಪರಿಹಾರದ ಹಣ ಬಂತು, ಮನೆಗಳು ಎದ್ದವು. ನಾಲ್ಕು ವರ್ಷದ ಬಳಿಕ ಸಂಶೋಧಕರಾದ ತಾಹಿರ್ ಅಂದ್ರಾಬಿ, ಬೆಂಜಮಿನ್ ಡೇನಿಯಲ್ಸ್ ಮತ್ತು ಜಿಷ್ಣು ದಾಸ್ ಹೋಗಿ ನೋಡಿದಾಗ, ಭೂಕಂಪದ ರೇಖೆಗೆ ಹತ್ತಿರವಿದ್ದ ಕುಟುಂಬಗಳ ಜೀವನಮಟ್ಟ ದೂರದವರ ಮಟ್ಟಕ್ಕೆ ಮರಳಿತ್ತು. ಮಕ್ಕಳ ಕಲಿಕೆ ಮಾತ್ರ ಮರಳಿರಲಿಲ್ಲ. ಹತ್ತಿರದ ಊರುಗಳ ಮಕ್ಕಳು ದೂರದ ಮಕ್ಕಳಿಗಿಂತ ಒಂದೂವರೆಯಿಂದ ಎರಡು ವರ್ಷದ ಓದಿನಷ್ಟು ಹಿಂದಿದ್ದರು.

ಮೂರು ತಿಂಗಳ ರಜೆ ಎರಡು ವರ್ಷದ ಹಿನ್ನಡೆಯಾದದ್ದು ಹೇಗೆ? ಶಾಲೆ ತೆರೆದ ದಿನ ಶಿಕ್ಷಕರು ಆ ತಿಂಗಳ ಪಾಠವನ್ನೇ ಎತ್ತಿಕೊಂಡಿರಬೇಕು ಎಂಬುದು ಇದಕ್ಕೆ ಕೊಡಲಾಗುವ ಅತ್ಯಂತ ಸಮರ್ಪಕ ವಿವರಣೆ. ನಡುವಿನ ಪಾಠ ತಪ್ಪಿದ ಮಗುವಿಗೆ ಮುಂದಿನದು ಅರ್ಥವಾಗಲಿಲ್ಲ. ಅದು ಅರ್ಥವಾಗದ್ದರಿಂದ ಅದರ ಮುಂದಿನದೂ ಅರ್ಥವಾಗಲಿಲ್ಲ. ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕ ಅದರ ಹಿಂದೆ ನಡೆದುಕೊಂಡು ಹೊರಟಂತೆ, ಹೊತ್ತು ಕಳೆದಷ್ಟೂ ಅಂತರ ಹೆಚ್ಚುತ್ತದೆ. ನಷ್ಟದ ದೊಡ್ಡ ಪಾಲು ಸಂಭವಿಸಿದ್ದು ಶಾಲೆ ಮುಚ್ಚಿದ್ದಾಗ ಅಲ್ಲ, ತೆರೆದ ಮೇಲೆ. ಇದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ತಾಯಿ ಪ್ರಾಥಮಿಕ ಶಿಕ್ಷಣ ಮುಗಿಸಿದ್ದ ಮನೆಗಳಲ್ಲಿ ಮಕ್ಕಳಿಗೆ ಈ ಹಿನ್ನಡೆ ಆಗಲೇ ಇಲ್ಲ. ಐದನೇ ತರಗತಿವರೆಗೆ ಓದಿದ ತಾಯಿ ಮಗುವನ್ನು ಕೂರಿಸಿಕೊಂಡು ತಪ್ಪಿದ ಪಾಠವನ್ನು ದಾಟಿಸಿದ್ದಳು. ಓದಲು ಅವಕಾಶ ಸಿಗದ ತಾಯಂದಿರ ಮಕ್ಕಳಿಗೆ ಆ ಕೆಲಸ ಮಾಡಬೇಕಿದ್ದುದು ಶಾಲೆ. ಶಾಲೆ ಮಾಡಲಿಲ್ಲ.

ಕರ್ನಾಟಕ ಈ ಬಲೆಗೆ ಎಷ್ಟು ಬಿದ್ದಿತು? ಪೂರ್ತಿಯಾಗಿ ಬೀಳಲಿಲ್ಲ ಎಂಬುದನ್ನು ಮೊದಲು ಹೇಳಬೇಕು. 2022–23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷ ಎಂದು ಘೋಷಿಸಿ, ಎರಡು ವಾರ ಮುಂಚಿತವಾಗಿ ಮೇ 16ಕ್ಕೇ ಶಾಲೆ ಆರಂಭಿಸಿದರು. ಹಿಂದಿನ ಎರಡು ತರಗತಿಗಳ ಅತ್ಯಗತ್ಯ ಕಲಿಕೆಯನ್ನು ಆ ವರ್ಷದ ಪಠ್ಯದೊಂದಿಗೆ ಹೊಂದಿಸಿ ಕಲಿಕಾ ಹಾಳೆಗಳನ್ನು ತಯಾರಿಸಿದರು. ಯೋಚನೆ ಸರಿಯಾಗಿತ್ತು. ಆದರೆ ಅದು ಎರಡನೇ ಸುತ್ತಿನಲ್ಲಿ ಮೊದಲ ಮಗು ಒಳಗೆ ಬಂದು ಒಂಬತ್ತು ತಿಂಗಳಾದ ಮೇಲೆ ಬಂತು. ಆ ಒಂಬತ್ತು ತಿಂಗಳಲ್ಲಿ ಪಠ್ಯವನ್ನು ಕಡಿತಗೊಳಿಸಿ ಮುಗಿಸುವ ಓಟವೇ ನಡೆದಿತ್ತು. ಕಡಿತವಾದ ಪಠ್ಯವೂ ಆ ತರಗತಿಯ ಪಠ್ಯವೇ. ಓದಲು ಬಾರದ ಮಗುವಿಗೆ ಹನ್ನೆರಡು ಪಾಠದ ಬದಲು ಎಂಟು ಪಾಠ ಮಾಡಿದರೆ ಓದು ಬರುವುದಿಲ್ಲ.

ಅದಕ್ಕಿಂತ ಬೇಸರದ ಸಂಗತಿ ಎಂದರೆ, 2022ರ ಮೇ, ಜೂನ್ ತಿಂಗಳಲ್ಲಿ ರಾಜ್ಯದ ಶಿಕ್ಷಣದ ಚರ್ಚೆಯೆಲ್ಲ ಪಠ್ಯಪುಸ್ತಕ ಪರಿಷ್ಕರಣೆಯ ಸುತ್ತ ನಡೆಯಿತು. ಯಾರ ಪಾಠ ಸೇರಿತು, ಯಾರದು ಬಿಟ್ಟಿತು ಎಂಬುದು ಮುಖ್ಯ ವಿಷಯವೇ. ನನಗೂ ಅದರಲ್ಲಿ ಸ್ಪಷ್ಟ ನಿಲುವಿದೆ. ಆದರೆ ಅದೇ ಹೊತ್ತಿನಲ್ಲಿ ಐದನೇ ತರಗತಿಯ ಬಹುಪಾಲು ಮಕ್ಕಳಿಗೆ ಎರಡನೇ ತರಗತಿಯ ಪುಸ್ತಕವನ್ನೂ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಅದರ ಬಗ್ಗೆ ಒಂದು ಪ್ರತಿಭಟನೆಯನ್ನೂ, ಒಂದು ಸಂಪಾದಕೀಯ ಸರಣಿಯನ್ನೂ ಕಂಡ ನೆನಪು ನನಗಿಲ್ಲ.

ಗ್ರಾಮೀಣ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆ ಆ ವರ್ಷದ ಕೊನೆಯಲ್ಲಿ ಇದನ್ನು ಅಂಕಿಗಳಲ್ಲಿ ಹಿಡಿಯಿತು. 2018ರಲ್ಲಿ ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಸುಮಾರು ಐವರಲ್ಲಿ ಒಬ್ಬರಿದ್ದರು. 2022ರಲ್ಲಿ ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಐದನೇ ತರಗತಿಯಲ್ಲಿ ಶೇ 46 ಇದ್ದದ್ದು ಶೇ 30ರ ಆಸುಪಾಸಿಗೆ ಇಳಿಯಿತು. ದೇಶದ ಸರಾಸರಿ ಇಳಿಕೆಗಿಂತ ನಮ್ಮದು ದೊಡ್ಡದು. ಶಾಲೆ ತೆರೆದು ಒಂದು ವರ್ಷವಾದ ಮೇಲಿನ ಚಿತ್ರ ಇದು.

ಇಲ್ಲಿ ಒಂದು ವಿಷಯ ನನಗೆ ಅರ್ಥವೇ ಆಗುವುದಿಲ್ಲ. ಮಗು ಎಲ್ಲಿದೆಯೋ ಅಲ್ಲಿಂದ ಕಲಿಸುವ ವಿಧಾನ ಕರ್ನಾಟಕಕ್ಕೆ ಹೊಸದಲ್ಲ. ನಲಿ-ಕಲಿ ಹುಟ್ಟಿದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, 1995ರ ಹೊತ್ತಿಗೆ. ಆಂಧ್ರದ ಋಷಿ ವ್ಯಾಲಿ ಶಾಲೆಯಿಂದ ಸ್ಫೂರ್ತಿ ಪಡೆದ ಶಿಕ್ಷಕರು ಕೈಯಾರೆ ಕಟ್ಟಿದ ವಿಧಾನ ಅದು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ತಮ್ಮ ತಮ್ಮ ಮೆಟ್ಟಿಲಲ್ಲಿ ನಿಂತು ಕಲಿಯುತ್ತಾರೆ. ಜ್ವರ ಬಂದು ತಿಂಗಳು ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟಲ್ಲಿಂದಲೇ ಆರಂಭಿಸಬಹುದು ಎಂಬುದೇ ಅದರ ಹೆಗ್ಗಳಿಕೆ. ಇಡೀ ರಾಜ್ಯದ ಮಕ್ಕಳು ಹತ್ತೊಂಬತ್ತು ತಿಂಗಳು ತಪ್ಪಿಸಿಕೊಂಡು ಬಂದಾಗ ಆ ಏಣಿಯನ್ನು ನಾಲ್ಕು, ಐದು, ಆರನೇ ತರಗತಿವರೆಗೂ ಒಂದು ವರ್ಷದ ಮಟ್ಟಿಗೆ ಎಳೆಯಬಹುದಿತ್ತು. ಅದನ್ನು ನಡೆಸಬಲ್ಲ ಸಾವಿರಾರು ಶಿಕ್ಷಕರು ನಮ್ಮಲ್ಲೇ ಇದ್ದರು.

ಪಕ್ಕದ ರಾಜ್ಯ ಮಾಡಿದ್ದು

ತಮಿಳುನಾಡು 2021ರ ಅಕ್ಟೋಬರ್‌ನಲ್ಲಿ ‘ಇಲ್ಲಂ ತೇಡಿ ಕಲ್ವಿ’ (ಮನೆ ಹುಡುಕಿ ಬರುವ ಶಿಕ್ಷಣ) ಎಂಬ ಕಾರ್ಯಕ್ರಮ ಆರಂಭಿಸಿತು. ಶಾಲೆ ಬಿಟ್ಟ ಮೇಲೆ ಸಂಜೆ ಗಂಟೆ, ಒಂದೂವರೆ ಗಂಟೆ, ಮಕ್ಕಳ ಕೇರಿಯಲ್ಲೇ ತರಗತಿ. ಕಲಿಸುವವರು ಅದೇ ಊರಿನ ಸ್ವಯಂಸೇವಕರು, ಬಹುಪಾಲು ಓದಿದ ಹೆಣ್ಣುಮಕ್ಕಳು, ತಿಂಗಳಿಗೆ ಸಾವಿರ ರೂಪಾಯಿ ಗೌರವಧನ. ಸುಮಾರು ಎರಡು ಲಕ್ಷ ಸ್ವಯಂಸೇವಕರು, ಮೂವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು. ಅದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಸಿಂಗ್, ಮೌರಿಸಿಯೊ ರೊಮೇರೊ ಮತ್ತು ಕಾರ್ತಿಕ್ ಮುರಳೀಧರನ್ ಗ್ರಾಮೀಣ ತಮಿಳುನಾಡಿನ ಸುಮಾರು 19,000 ಮಕ್ಕಳನ್ನು ಪರೀಕ್ಷಿಸಿ ಅಳೆದರು. 2021ರ ಡಿಸೆಂಬರ್‌ನಲ್ಲಿ ಹಿನ್ನಡೆ ತೀವ್ರವಾಗಿತ್ತು, ಗಣಿತದಲ್ಲಿ ಭಾಷೆಗಿಂತ ಎರಡು ಪಟ್ಟಿನಷ್ಟು. ಶಾಲೆ ತೆರೆದು ಆರು ತಿಂಗಳಾಗುವಷ್ಟರಲ್ಲಿ ಅದರ ಮೂರನೇ ಎರಡು ಪಾಲು ಚೇತರಿಸಿತ್ತು. ಆ ಚೇತರಿಕೆಯಲ್ಲಿ ಸುಮಾರು ಕಾಲು ಭಾಗ ಸಂಜೆ ತರಗತಿಗಳ ಫಲ.

ಈ ಫಲಿತಾಂಶವನ್ನು ಎರಡೂ ಕಡೆಯಿಂದ ಓದಬೇಕು. ಉಳಿದ ಮುಕ್ಕಾಲು ಪಾಲು ಬಂದದ್ದು ಶಾಲೆಗೆ ಮರಳಿದ್ದರಿಂದ, ಶಿಕ್ಷಕರ ದಿನನಿತ್ಯದ ದುಡಿಮೆಯಿಂದ. ಮಕ್ಕಳು ಮರೆತಷ್ಟೇ ಬೇಗ ಮತ್ತೆ ಕಲಿಯಬಲ್ಲರು ಎಂಬುದು ದೊಡ್ಡ ಭರವಸೆ. ಆದರೆ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಮೇಲೇಳುವುದಿಲ್ಲ. ಸಂಜೆಯ ತರಗತಿಗೆ ಹೆಚ್ಚಾಗಿ ಬಂದವರು ಬಡವರ ಮಕ್ಕಳು, ಓದದ ತಾಯಂದಿರ ಮಕ್ಕಳು. ಪಾಕಿಸ್ತಾನದಲ್ಲಿ ಯಾರು ನಾಲ್ಕು ವರ್ಷದ ಬಳಿಕವೂ ಹಿಂದುಳಿದಿದ್ದರೋ ಅದೇ ಬಗೆಯ ಮನೆಗಳನ್ನು ತಮಿಳುನಾಡಿನ ಕಾರ್ಯಕ್ರಮ ತಲುಪಿತು.

ಅಸರ್‌ನ 2024ರ ವರದಿ ಬಂದಾಗ ದೇಶದೆಲ್ಲೆಡೆ ಸಂತೋಷದ ತಲೆಬರಹಗಳು ಬಂದವು. ದೇಶದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಐದನೇ ತರಗತಿಯ ಮಕ್ಕಳು 2018ರಲ್ಲಿ ಶೇ 50.5, 2022ರಲ್ಲಿ ಶೇ 42.8, 2024ರಲ್ಲಿ ಶೇ 48.8. ಬಹುಮಟ್ಟಿಗೆ ಹಳೆಯ ಮಟ್ಟ. ಆರಂಭದ ತರಗತಿಗಳಲ್ಲಿ ಓದು, ಬರಹ, ಲೆಕ್ಕಕ್ಕೆ ಒತ್ತು ಕೊಟ್ಟ ಕೆಲಸ ಫಲ ಕೊಟ್ಟಿದೆ, ಅದನ್ನು ಒಪ್ಪಬೇಕು. 2024ರಲ್ಲಿ ಐದನೇ ತರಗತಿಯಲ್ಲಿದ್ದವರು 2020ರಲ್ಲಿ ಒಂದನೇ ತರಗತಿ ತಪ್ಪಿಸಿಕೊಂಡ ಮಕ್ಕಳೇ. ಆದರೆ ಇನ್ನೂ ದೊಡ್ಡ ಏರಿಕೆ ಕಂಡದ್ದು ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ, ಮತ್ತು ಆ ಮಕ್ಕಳು ಶಾಲೆಗೆ ಸೇರಿದ್ದು 2022ರಲ್ಲಿ. ಮುಚ್ಚಿದ ಶಾಲೆಯನ್ನು ಅವರು ಕಂಡೇ ಇಲ್ಲ. ಅವರ ಅಂಕಿಯನ್ನು ತೋರಿಸಿ ಪೆಟ್ಟು ತಿಂದವರು ಚೇತರಿಸಿಕೊಂಡರು ಎನ್ನಲಾಗದು. ಇತ್ತ ಎಂಟನೇ ತರಗತಿಯ ಅಂಕಿ ಹೆಚ್ಚೇನೂ ಕದಲಿಲ್ಲ. 2020ರಲ್ಲಿ ನಾಲ್ಕನೇ ತರಗತಿಯಲ್ಲಿದ್ದ ಮಕ್ಕಳು ಅವರು. ನಲಿ-ಕಲಿ ದಾಟಿದ್ದರು, ಹೈಸ್ಕೂಲು ಮುಟ್ಟಿರಲಿಲ್ಲ, ಯಾವ ವಿಶೇಷ ಯೋಜನೆಯ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ.

ಈ ನಡುವಿನ ಮಕ್ಕಳೇ ಈಗ ಒಂದೊಂದು ಸಾಲಾಗಿ ಎಸ್‌ಎಸ್‌ಎಲ್‌ಸಿ ದಾಟುತ್ತಿದ್ದಾರೆ. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣ ಪ್ರಮಾಣ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದು ನಕಲಿಗೆ ತಡೆ ಬಿದ್ದದ್ದು ಇಳಿಕೆಗೆ ದೊಡ್ಡ ಕಾರಣ ಎಂದು ಇಲಾಖೆ ಹೇಳಿತು. ಅದು ಸರಿಯಿರಬಹುದು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ಮಕ್ಕಳು ಏಳನೇ ತರಗತಿಯ ಬಹುಪಾಲನ್ನು ಮನೆಯಲ್ಲೇ ಕಳೆದು, ಎಂಟನೇ ತರಗತಿಗೆ ಸೆಪ್ಟೆಂಬರ್‌ನಲ್ಲಿ ಬಂದವರು. ಭಿನ್ನರಾಶಿ ಗಟ್ಟಿಯಾಗುವ, ಬೀಜಗಣಿತ ಶುರುವಾಗುವ, ಇಂಗ್ಲಿಷ್ ವಾಕ್ಯ ಕಟ್ಟಲು ಕಲಿಯುವ ವರ್ಷಗಳು ಅವು. ಹಿಂದೆ ನಕಲು ಇದೇ ಬಗೆಯ ಕೊರತೆಯನ್ನು ಮುಚ್ಚುತ್ತಿತ್ತು, ಕ್ಯಾಮೆರಾ ಅದನ್ನು ತೋರಿಸಿತು. ಕಲಿಕೆಯ ಕೊರತೆಗೆ ಇಲಾಖೆ ಅದಕ್ಕೂ ಮೊದಲಿನಿಂದ ಹುಡುಕುತ್ತಿದ್ದ ಪರಿಹಾರವೂ ಪರೀಕ್ಷೆಯ ಸುತ್ತಲೇ ಇತ್ತು. ಐದು, ಎಂಟು, ಒಂಬತ್ತನೇ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆ ಬೇಕು ಎಂದು ಹೊರಟು, ಎರಡು ಶೈಕ್ಷಣಿಕ ವರ್ಷ ನ್ಯಾಯಾಲಯಗಳಲ್ಲಿ ಅಲೆದು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಡುವವರೆಗೆ ಅದು ನಡೆಯಿತು. ಮಗುವಿಗೆ ಓದಲು ಬರುತ್ತದೆಯೇ ಎಂದು ತಿಳಿಯಲು ಒಬ್ಬ ಶಿಕ್ಷಕರು, ಒಂದು ಪುಟ, ಐದು ನಿಮಿಷ ಸಾಕು.

ಊಟದ ಮಾತನ್ನು ಬಿಟ್ಟು ಶಾಲೆ ತೆರೆಯುವ ಮಾತು ಪೂರ್ತಿಯಾಗದು. ಮುಚ್ಚಿದ ಕಾಲದಲ್ಲಿ ಬಿಸಿಯೂಟದ ಬದಲು ಅಕ್ಕಿ, ಗೋಧಿ, ಬೇಳೆ ಹಂಚಿದರು. ಅದು ಇಡೀ ಮನೆಯ ಪಡಿತರವಾಯಿತು, ಮಗುವಿನ ತಟ್ಟೆಯಾಗಲಿಲ್ಲ. ಬಿಸಿಯೂಟ ಮರಳಿದ್ದು 2021ರ ಅಕ್ಟೋಬರ್ ಮೂರನೇ ವಾರದ ನಂತರ. ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದರು, ಮುಂದಿನ ವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಮೊಟ್ಟೆಗೆ ಬಂದ ವಿರೋಧವನ್ನು ಮೀರಿ ಇದನ್ನು ನಡೆಸಿದ್ದು ಆ ಅವಧಿಯ ಒಳ್ಳೆಯ ಕೆಲಸಗಳಲ್ಲಿ ಒಂದು.

ಮುಂದಿನ ಸಲಕ್ಕೆ, ಈಗಿನ ಸಲಕ್ಕೂ

ಶಾಲೆ ಮತ್ತೆ ಮುಚ್ಚುವ ಸಂದರ್ಭ ಬಂದೇ ಬರುತ್ತದೆ. ಅದು ಇನ್ನೊಂದು ಸಾಂಕ್ರಾಮಿಕವೇ ಆಗಬೇಕೆಂದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ರಜೆಗಳು ಈಗಾಗಲೇ ವಾರಗಟ್ಟಲೆ ಬೆಳೆಯುತ್ತಿವೆ. ದೆಹಲಿಯಲ್ಲಿ ಹೊಗೆಗೆ ಶಾಲೆ ಮುಚ್ಚುತ್ತದೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂಬ ನಿಯಮ ಮೊದಲೇ ಬರೆದಿಟ್ಟಿರಬೇಕು. ಆಗ ಸಚಿವರು ಟಿವಿ ನೋಡಿ ನಿರ್ಧರಿಸಬೇಕಾಗುವುದಿಲ್ಲ. ಜಿಲ್ಲೆಗೆ ಬೇಕಾದರೆ ಜಿಲ್ಲೆ, ತಾಲ್ಲೂಕಿಗೆ ಬೇಕಾದರೆ ತಾಲ್ಲೂಕು ಮುಚ್ಚಲಿ. ಓಮೈಕ್ರಾನ್ ಬಂದ 2022ರ ಜನವರಿಯಲ್ಲಿ ಬೆಂಗಳೂರಿನ ಶಾಲೆಗಳನ್ನು ಮಾತ್ರ ಮೊದಲು ಮುಚ್ಚಿ, ತಿಂಗಳೊಳಗೆ ತೆರೆದರು. ಅದು ಸಾಧ್ಯ ಎಂಬುದಕ್ಕೆ ಅದೇ ಪುರಾವೆ. ತೆರೆಯುವಾಗ ಒಂದರಿಂದ ಮೂರನೇ ತರಗತಿ ಮೊದಲು. ಶಿಕ್ಷಕರಿಗೆ ರಕ್ಷಣೆ, ಲಸಿಕೆ ಎಲ್ಲರಿಗಿಂತ ಮುಂಚೆ. ಎರಡನೇ ಅಲೆಯ ನಡುವೆ ಉಪಚುನಾವಣೆಯ ಕೆಲಸಕ್ಕೆ ಶಿಕ್ಷಕರನ್ನು ಕಳಿಸಿ ಜೀವ ಕಳೆದುಕೊಳ್ಳುವಂತೆ ಮಾಡಿದ್ದು ಮತ್ತೆ ಆಗಬಾರದು. ತೆರೆದ ಮೊದಲ ಎರಡು ವಾರ ಪಠ್ಯಪುಸ್ತಕ ಮುಟ್ಟದೆ, ಪ್ರತಿ ಮಗುವಿನ ಓದು ಮತ್ತು ಲೆಕ್ಕವನ್ನು ಎದುರು ಕೂರಿಸಿ ನೋಡುವುದು ಕಡ್ಡಾಯವಾಗಲಿ.

ಈಗಿನ ಮಕ್ಕಳಿಗಾಗಿ ಮಾಡಬೇಕಾದದ್ದು ಇದಕ್ಕಿಂತ ಸಣ್ಣದು, ತುರ್ತಿನದು. ಹೈಸ್ಕೂಲಿನ ಶಿಕ್ಷಕರಿಗೆ ಓದು ಕಲಿಸುವ ತರಬೇತಿ ಇಲ್ಲ. ಅವರು ವಿಜ್ಞಾನ, ಸಮಾಜ ಕಲಿಸಲು ನೇಮಕವಾದವರು. ಎಂಟನೇ ತರಗತಿಯ ಹುಡುಗ ವಾಕ್ಯ ಕೂಡಿಸಿ ಓದಲು ತಡವರಿಸಿದರೆ ಅವನನ್ನು ಏನು ಮಾಡಬೇಕೆಂದು ಅವರಿಗೆ ತೋಚುವುದಿಲ್ಲ, ಆ ಹುಡುಗನಿಗೂ ಎಲ್ಲರ ಮುಂದೆ ಹೇಳಿಕೊಳ್ಳಲು ನಾಚಿಕೆ. ಆದರೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ನಲಿ-ಕಲಿಯಲ್ಲಿ ನುರಿತ ಶಿಕ್ಷಕಿ ಅಲ್ಲೇ, ನಾಲ್ಕು ಕೋಣೆ ಆಚೆ ಇದ್ದಾರೆ. ಮೊದಲು ಈ ಶಾಲೆಗಳಲ್ಲಿ, ಬೆಳಗಿನ ಒಂದು ಅವಧಿಯನ್ನು ತರಗತಿಯ ಹೆಸರಿಲ್ಲದೆ, ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ ನಡೆಸಬಹುದು. ಅದಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ನಲವತ್ತು ನಿಮಿಷ, ಆ ಶಿಕ್ಷಕಿಯ ಉಳಿದ ಕೆಲಸವನ್ನು ಹಂಚಿಕೊಳ್ಳಲು ಒಬ್ಬ ಅತಿಥಿ ಶಿಕ್ಷಕ, ಮತ್ತು ಆ ಅವಧಿಯಲ್ಲಿ ಪಠ್ಯ ಎಷ್ಟು ಮುಗಿಯಿತು ಎಂದು ಯಾರೂ ಕೇಳುವುದಿಲ್ಲ ಎಂಬ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಲಿಖಿತ ಭರವಸೆ.